ತುರ್ಕಿ ಸಾಹೇಬರ ನಿರ್ಮಾಲ್ಯ

ಮುಳಬಾಗಿಲಿನಲ್ಲಿ ಯಾರ ಹಿತ್ತಲಲ್ಲಿ ಯಾವ ಹೂವು ಯಾವಾಗ ಬಿಡುತ್ತದೆ ಎನ್ನುವುದು ಆ ಹಿತ್ತಲಿನ ಯಜಮಾನರಿಗಿಂತ ಚೆನ್ನಾಗಿ ದೊಡ್ಡಗಂಗಮ್ಮನಿಗೆ ಗೊತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಬಿದಿರು ಬುಟ್ಟಿ ಹಿಡಿದು ಹೊರಟಳೆಂದರೆ ಶಾನುಭೋಗರ ಮನೆಯ ನಂದಿಬಟ್ಟಲು, ಪೋಸ್ಟ್ ಮಾಸ್ತರರ ಬೇಲಿಯ ದಾಸವಾಳ, ಅಮಲ್ದಾರರ ಕಚೇರಿ ಮುಂದಿನ ಕಣಗಿಲೆ, ಯಾವುದನ್ನೂ ಬಿಡದೆ ಬುಟ್ಟಿ ತುಂಬಿಸಿಕೊಂಡು ಬರುತ್ತಿದ್ದಳು. ದೇವರಿಗೆಂದು ಕಿತ್ತರೆ ಅದು ಕಳ್ಳತನವಲ್ಲ ಎಂಬುದು ಆಕೆಯ ಕಾನೂನು. ಊರಿನ ಹೆಂಗಸರೆಲ್ಲರ ಕಾನೂನೂ ಅದೇ ಆಗಿದ್ದರಿಂದ ಯಾರೂ ಯಾರ ಮೇಲೂ ದೂರು ಹೇಳುವಂತಿರಲಿಲ್ಲ. ಮೊದಲು ಎದ್ದವಳಿಗೆ ಹೂವು, ಅಷ್ಟೆ. ಶಾನುಭೋಗರ ಹೆಂಡತಿ ಶ್ಯಾಮಲಮ್ಮ ತನ್ನ ಹಿತ್ತಲಿನ ನಂದಿಬಟ್ಟಲನ್ನು ಒಂದು ದಿನವಾದರೂ ತಾನೇ ಕೀಳಬೇಕೆಂದು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ ಸೋತು, ತಾನೂ ಬಂಗಲೆಯ ಕಾಂಪೌಂಡಿಗೆ ನುಗ್ಗಿ ದೊಡ್ಡಗಂಗಮ್ಮನ ಚೆಂಡುಹೂವಿನ ಮಡಿಯಲ್ಲಿ ಸೇಡು ತೀರಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಳು.

ಬಂಗಲೆ ಎಂದರೆ ಸರ್ಕಾರಿ ಟ್ರಾವೆಲರ್ಸ್ ಬಂಗಲೆ. ದೊಡ್ಡಗಂಗಮ್ಮನ ಗಂಡ ಮುನಿರಾಮಪ್ಪ ಅಲ್ಲಿಯ ಮೇಟಿ. ಬಂದಿಳಿದ ಸಾಹೇಬರಿಗೆ ನೀರು ಕಾಯಿಸಬೇಕು, ಕೋಳಿ ಬೇಯಿಸಬೇಕು, ಅವರು ಬೈದರೆ ಬೈಸಿಕೊಳ್ಳಬೇಕು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಮಲ್ದಾರರು ‘ನೋಡೋಣ, ನೋಡೋಣ’ ಎನ್ನುತ್ತಲೇ ಇದ್ದರು. ಆದರೆ ಕೆಲಸದ ಜೊತೆಗೆ ಬಂಗಲೆಯ ಹಿಂದೆ ಒಂದು ಹೆಂಚಿನ ಮನೆ ಸಿಕ್ಕಿತ್ತು. ವಕ್ಕಲೇರಿಯಲ್ಲಿ ಓರಗಿತ್ತಿಯ ಕೈಕೆಳಗೆ, ಉಪ್ಪನ್ನೂ ಕೇಳಿ ತೆಗೆದುಕೊಳ್ಳಬೇಕಾದ ಸಂಸಾರ ಮಾಡಿ ಬಂದವಳು ದೊಡ್ಡಗಂಗಮ್ಮ. ತನ್ನದೇ ಒಲೆ, ತನ್ನದೇ ದೇವರ ಗೂಡು ಸಿಕ್ಕ ದಿನ ಆಕೆ ಮೊದಲು ಒಲೆಗೇ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಿದ್ದಳು. ಆ ಮನೆ ಬಿಟ್ಟು ಮತ್ತೆ ವಕ್ಕಲೇರಿಗೆ ಹೋಗುವ ಮಾತು ಕನಸಿನಲ್ಲಿ ಬಂದರೂ ಬೆವತು ಏಳುತ್ತಿದ್ದಳು.

ಆ ಬಂಗಲೆಗೆ ಮೂವತ್ತೈದನೇ ಇಸವಿಯ ಮುಂಗಾರಿನಲ್ಲಿ ಬಂದು ಇಳಿದವರು ಇಸ್ತಾಂಬುಲ್ಲಿನ ಫೆರಿದೂನ್ ಬೇ. ಅಲ್ಲಿಯ ದೊಡ್ಡ ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುವ ಪ್ರೊಫೆಸರು. ‘ಬೇ’ ಎನ್ನುವುದು ನಮ್ಮ ‘ಅವರು’ ಇದ್ದ ಹಾಗಂತೆ. ಮುಳಬಾಗಿಲಿಗೆ ಅಷ್ಟೆಲ್ಲ ವ್ಯವಧಾನ ಎಲ್ಲಿಂದ ಬರಬೇಕು? ಊರು ಅವರನ್ನು ತುರ್ಕಿ ಸಾಹೇಬರು ಎಂದು ಕರೆದು ಮುಗಿಸಿತು.

ತುರ್ಕಿಯಿಂದ ಮನುಷ್ಯ ಬಂದಿದ್ದಾನೆಂದು ಕೇಳಿ ಮೊದಲು ಓಡಿಬಂದವರು ಶ್ರೀನಿವಾಸಪುರದ ಮಾವಿನ ಮಂಡಿಯ ಗಫಾರ್ ಸಾಹೇಬರು. ಹೆಗಲ ಮೇಲೆ ಶಾಲು, ಆಳಿನ ತಲೆ ಮೇಲೆ ರಸಪುರಿ ಬುಟ್ಟಿ, ತಮ್ಮ ತಲೆ ಮೇಲೆ ಕುಚ್ಚು ಇಳಿಬಿದ್ದ ಹೊಚ್ಚ ಹೊಸ ಕೆಂಪು ಟರ್ಕಿ ಟೋಪಿ. ಬಂದು ನೋಡಿದರೆ ಅಸಲು ತುರ್ಕಿಯವರ ತಲೆ ಮೇಲೆ ಇಂಗ್ಲಿಷ್ ದೊರೆಗಳ ಹ್ಯಾಟು! ನಮ್ಮ ದೇಶದಲ್ಲಿ ಈ ಕೆಂಪು ಟೋಪಿ ಹಾಕಿಕೊಂಡರೆ ಪೊಲೀಸಿನವರು ಹಿಡಿಯುತ್ತಾರೆ, ಹತ್ತು ವರ್ಷವಾಯಿತು ಎಂದು ಬೇ ಅವರು ಸಂಕೋಚದಿಂದಲೇ ಹೇಳಿದರು. ಗಫಾರ್ ಸಾಹೇಬರು ಟೋಪಿ ತೆಗೆದು ತಿರುಗಿಸಿ ತಿರುಗಿಸಿ ನೋಡಿದರು. ಮತ್ತೆ ಹಾಕಿಕೊಂಡು, ‘ಹಾಗಾದರೆ ಇನ್ನು ಮೇಲೆ ಇದು ಶ್ರೀನಿವಾಸಪುರದ ಟೋಪಿ’ ಎಂದು ತೀರ್ಪು ಕೊಟ್ಟು, ಮಾವಿನ ಹಣ್ಣು ಬಿಟ್ಟು ಹೋದರು.

ಸಾಹೇಬರು ಮಾತಾಡುತ್ತಿದ್ದುದು ಬಳ್ಳಾರಿ ಕನ್ನಡ. ತುರ್ಕಿಯವರಿಗೆ ಬಳ್ಳಾರಿ ಕನ್ನಡ ಹೇಗೆ ಬಂತು ಎನ್ನುವುದೇ ಒಂದು ಪುರಾಣ. ಹಿಂದಿನ ಮಹಾಯುದ್ಧದಲ್ಲಿ ಅವರು ಎಳೆಯ ಸಿಪಾಯಿ. ಬಸ್ರಾ ಕಡೆ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದು, ಹಡಗು ಹತ್ತಿ, ಬಳ್ಳಾರಿಯ ಕೈದಿಗಳ ಕ್ಯಾಂಪು ಸೇರಿದರು. ಕಾವಲಿನವರ ಜೊತೆ ಹರಟಿ ಹರಟಿ ಕನ್ನಡ ಕಲಿತರು. ಒಂದು ವರ್ಷ ಹಿಂಗಾರು ಮಳೆ ಬಿದ್ದ ಸಂಜೆ, ಕ್ಯಾಂಪಿನ ಮುಳ್ಳುತಂತಿಯ ಪಕ್ಕದ ಕಲ್ಲುನೆಲದಿಂದ ಒಂದು ಬೋಳು ಕಡ್ಡಿ ಮೇಲೆದ್ದು ನಿಂತಿತ್ತಂತೆ. ಎಲೆ ಇಲ್ಲ, ಏನಿಲ್ಲ. ನೋಡುತ್ತಿದ್ದಂತೆಯೇ ತುದಿಯಲ್ಲಿ ಬಿಳಿ ಹೂವು ಅರಳಿದವು; ಒಂದೊಂದು ಎಸಳಿನ ಬೆನ್ನಿಗೂ ಒಂದು ಕಂದು ಗೆರೆ. ಅದನ್ನು ಪುಸ್ತಕದೊಳಗೆ ಇಟ್ಟು ಒಣಗಿಸಿದ್ದರು. ಮಾರನೇ ವಾರ ತಪಾಸಣೆಗೆ ಬಂದ ಸಾರ್ಜೆಂಟನು ಪುಸ್ತಕ ಕೊಡವಿ, ಹೂವನ್ನು ಬೂಟಿನಲ್ಲಿ ತುಳಿದು ಹೋದ.

ಯುದ್ಧ ಮುಗಿದ ಮೇಲೆ ಅವರು ಊರಿಗೆ ಹೋಗಿ ದೊಡ್ಡ ವಿದ್ವಾಂಸರಾದರು. ತಮ್ಮ ದೇಶದ ಗುಡ್ಡಗಳನ್ನೆಲ್ಲ ಹೇಸರಗತ್ತೆ ಮೇಲೆ ಸುತ್ತಿ, ಟುಲಿಪ್ಪು, ಕೇಸರಿ, ಕಾಡು ಈರುಳ್ಳಿ, ಹೀಗೆ ಗೆಡ್ಡೆಯಿಂದ ಹೂ ಬಿಡುವ ಜಾತಿಗಳ ಮೇಲೆ ದಪ್ಪ ದಪ್ಪ ಪುಸ್ತಕ ಬರೆದರು. ಎಲ್ಲರೂ ಮೆಚ್ಚಿದರು. ಆದರೆ ಬಳ್ಳಾರಿಯ ಹೂವಿನ ಮಾತು ತೆಗೆದರೆ ಮಾತ್ರ ಅವರ ಗುರುಗಳೇ ಬೆನ್ನು ತಟ್ಟಿ, ‘ಹಸಿದ ಕೈದಿಯ ಕಣ್ಣಿಗೆ ಏನೇನೋ ಕಾಣುತ್ತದಪ್ಪ’ ಎಂದು ನಗುತ್ತಿದ್ದರಂತೆ. ಆ ನಗು ಇಪ್ಪತ್ತು ವರ್ಷ ಅವರ ಕಿವಿಯಲ್ಲೇ ಉಳಿದಿತ್ತು. ರಜೆ ಹಾಕಿ ಬಳ್ಳಾರಿಗೆ ಬಂದರೆ ಆ ಜಾಗದಲ್ಲಿ ಮನೆಗಳು ಎದ್ದಿದ್ದವು. ಅಂಥದೇ ಗೆಡ್ಡೆ ಕೋಲಾರದ ಕಡೆ ಬಂಡೆಗುಡ್ಡಗಳಲ್ಲಿ ಇದ್ದೀತು ಎಂದು ಬೆಂಗಳೂರಿನಲ್ಲಿ ಯಾರೋ ಹೇಳಿದರು. ಮಾಲೂರಿನ ಹೊಲದ ಬದುಗಳನ್ನು ಜಾಲಾಡಿ, ಕೋಲಾರದ ಬೆಟ್ಟ ಹತ್ತಿ ಇಳಿದು, ಕೊನೆಗೆ ಮುಳಬಾಗಿಲಿಗೆ ಬಂದಿದ್ದರು.

ಇದನ್ನೆಲ್ಲ ಅವರು ಮುನಿರಾಮಪ್ಪನಿಗೆ ಹೇಳುವಾಗ ದೊಡ್ಡಗಂಗಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಳು. ಆಕೆಗೆ ಯುದ್ಧ, ಹಡಗು ಯಾವುದೂ ಮನಸ್ಸಿಗೆ ಹತ್ತಲಿಲ್ಲ.

“ನಿಮ್ಮ ಇಂಟಿಪೇರು ಏನು ಸ್ವಾಮಿ?” ಎಂದು ಕೇಳಿದಳು. ಮನೆತನದ ಹೆಸರು ಕೇಳದೆ ಅನ್ನ ಬಡಿಸುವುದು ಆ ಸೀಮೆಯಲ್ಲಿ ಮರ್ಯಾದೆಯಲ್ಲ.

“ಇನ್ನೂ ಇಟ್ಕೊಂಡಿಲ್ರಿ,” ಎಂದರು ಬೇ. “ನಮ್ಮಲ್ಲಿ ಮೊದಲ ಅದೆಲ್ಲ ಇರಲಿಲ್ಲ. ಈಗ ಎಲ್ಲಾರೂ ಒಂದೊಂದು ಇಟ್ಕೋರಿ ಅಂತ ಸರ್ಕಾರ ಹುಕುಂ ಮಾಡೈತಿ. ಮುಂದಿನ ವರ್ಷದ ತನಕಾ ಟೈಮ್ ಐತ್ರಿ.”

ದೊಡ್ಡಗಂಗಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಲೆ ನರೆಯುತ್ತಾ ಬಂದ ಗಂಡಸು. ಇಂಟಿಪೇರು ಇಲ್ಲ, ಜೊತೆಗೆ ಹೆಂಡತಿ ಇಲ್ಲ, ತಲೆಗೆ ಸ್ವಂತ ಟೋಪಿಯೂ ಇಲ್ಲ. ಅಂದಿನಿಂದ ಆಕೆ ಅವರ ಸಾರಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕತೊಡಗಿದಳು.

ಸಾಹೇಬರು ಬೆಳಿಗ್ಗೆ ಮುನಿರಾಮಪ್ಪನ ಹೆಗಲಿಗೆ ತಗಡಿನ ಡಬ್ಬಿ ನೇತುಹಾಕಿ ಆವಣಿ ಬೆಟ್ಟ, ಕುರುಡುಮಲೆ, ಶ್ರೀನಿವಾಸಪುರದ ಮಾವಿನ ತೋಪು ಎಂದು ಹೊರಟರೆ ಸಂಜೆಗೆ ಡಬ್ಬಿ ತುಂಬ ಹೂವು. ಆಮೇಲೆ ನಡೆಯುತ್ತಿದ್ದುದನ್ನು ದೊಡ್ಡಗಂಗಮ್ಮ ಕಿಟಕಿಯಿಂದ ದಿನವೂ ನೋಡುತ್ತಿದ್ದಳು. ಕೈಕಾಲು ಮುಖ ತೊಳೆದುಕೊಂಡು, ದೀಪ ಹಚ್ಚಿಕೊಂಡು, ಒಂದೊಂದೇ ಹೂವನ್ನು ಎದುರಿಗಿಟ್ಟು, ಭೂತಗನ್ನಡಿ ಹಿಡಿದು ಅದರ ಮುಂದೆ ತಲೆ ಬಾಗಿಸಿ ಏನೋ ಮಣಮಣ ಎನ್ನುತ್ತಿದ್ದರು. ಆಮೇಲೆ ಅದನ್ನು ಮಡಿಸಿದ ಕಾಗದದ ನಡುವೆ ಮಲಗಿಸಿ, ಮೇಲೆ ಹಲಗೆ ಕಲ್ಲು ಹೇರುತ್ತಿದ್ದರು. ಪೂಜೆಯಲ್ಲದೆ ಇದು ಇನ್ನೇನು? ಅವರವರ ದೇಶದ ಪದ್ಧತಿ ಅವರವರಿಗೆ. ಕಲ್ಲು ಹೇರುವುದೊಂದು ಮಾತ್ರ ಆಕೆಗೆ ವಿಚಿತ್ರವೆನಿಸಿತ್ತು.

ಗೌರಿ ಹಬ್ಬದ ಹಿಂದಿನ ದಿನ ಸಾಹೇಬರೂ ಮುನಿರಾಮಪ್ಪನೂ ಶ್ರೀನಿವಾಸಪುರಕ್ಕೆ ಹೋಗಿದ್ದಾಗ ಆಕೆ ಬಂಗಲೆ ತೊಳೆಯಲು ಹೊರಟಳು. ಪಕ್ಕದ ಬೀದಿಯ ಮುನಿಯಲ್ಲಮ್ಮ ಕೈಜೋಡಿಸಲು ಬಂದಿದ್ದಳು. ಸಾಹೇಬರ ಕೋಣೆಯಲ್ಲಿ ಹಲಗೆ ಎತ್ತಿ ನೋಡಿದರೆ, ಮೂರು ತಿಂಗಳ ಹೂವು ಕಾಗದದ ಪದರ ಪದರದಲ್ಲೂ ಒಣಗಿ ಕೂತಿತ್ತು.

“ಅಮ್ಮಾ ತಲ್ಲೀ! ಇದೇನೇ ಇಷ್ಟೊಂದು ನಿರ್ಮಾಲ್ಯ!” ಎಂದಳು ಮುನಿಯಲ್ಲಮ್ಮ.

ದೇವರಿಗೆ ಏರಿಸಿದ ಹೂವು ಮಾರನೇ ದಿನಕ್ಕೆ ನಿರ್ಮಾಲ್ಯ. ಅದನ್ನು ತೆಗೆದು ಯಾರೂ ತುಳಿಯದ ಕಡೆ, ಇಲ್ಲವೇ ಹರಿಯುವ ನೀರಿಗೆ ಬಿಡಬೇಕು. ಬಾಡಿದ ಹೂವು ಮನೆಯಲ್ಲಿಟ್ಟುಕೊಂಡು ಗೌರಿಯನ್ನು ಬಾ ಎಂದರೆ ಆಕೆ ಹೊಸಿಲಿನಿಂದಲೇ ಹಿಂತಿರುಗುತ್ತಾಳೆ. ಇದು ಕೂಸಿಗೂ ಗೊತ್ತಿರುವ ಸಂಗತಿ.

“ಪಾಪ, ಮನೇಲಿ ಹೆಣ್ಣು ದಿಕ್ಕಿಲ್ಲ ನೋಡೇ. ತೆಗೆದು ಹಾಕೋರು ಯಾರು? ಅದಕ್ಕೇ ಕಣೇ ಆಯಪ್ಪನಿಗೆ ಹುಡುಕಿದ್ದು ಸಿಗ್ತಿಲ್ಲ,” ಎಂದು ದೊಡ್ಡಗಂಗಮ್ಮ ಸೆರಗು ಸಿಕ್ಕಿಸಿದಳು.

ಕೆಲಸವನ್ನು ಆಕೆ ಭಕ್ತಿಯಿಂದಲೇ ಮಾಡಿದಳು. ಕಾಗದವೆಂದರೆ ಸರಸ್ವತಿ, ನೀರಿಗೆ ಹಾಕುವಂತಿಲ್ಲ. ಕಾಗದಗಳನ್ನೂ ಒಂದೊಂದು ಹೂವಿಗೂ ಕಟ್ಟಿದ್ದ ಚೀಟಿಗಳನ್ನೂ ಬಿಡಿಸಿ ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟಳು. ಹೂವನ್ನೆಲ್ಲ ಮೊರಕ್ಕೆ ತುಂಬಿ, ಮೇಲೆ ಅರಿಶಿನ ಕುಂಕುಮ ಚಿಮುಕಿಸಿ, ಕೆರೆಗೆ ಹೊತ್ತೊಯ್ದು ಕೈಮುಗಿದು ಬಿಟ್ಟಳು. ಉಳಿದದ್ದು ಮೂಲೆಯ ತಟ್ಟೆಯಲ್ಲಿದ್ದ ಒಂದು ಹಿಡಿ ಗೆಡ್ಡೆ. ಸಣ್ಣ ಈರುಳ್ಳಿಯ ಹಾಗಿದ್ದವು. ಎಲೆಯೆಲ್ಲ ಸೊರಗಿ ನೂಲಾಗಿತ್ತು. ದೇವರಿಗೆ ಈರುಳ್ಳಿ ಏರಿಸುವುದುಂಟೇ? ಕೆರೆಗೆ ಬಿಡಲು ಮನಸ್ಸು ಒಪ್ಪಲಿಲ್ಲ, ತಿಪ್ಪೆಗೆ ಎಸೆಯಲು ಧೈರ್ಯ ಬರಲಿಲ್ಲ. ಬಂಗಲೆಯ ಹಿಂದೆ ಬೇವಿನ ಮರದ ಕೆಳಗೆ ನಾಗರಕಲ್ಲಿನ ಕಟ್ಟೆಯಿತ್ತು, ಊರಿನ ಹೆಂಗಸರೆಲ್ಲ ಬಂದು ಸುತ್ತುವ ಜಾಗ. ಅದರ ಬುಡದ ಮಣ್ಣಿಗೆ ಗೆಡ್ಡೆಗಳನ್ನು ಸುರಿದು, ಕೈ ತೊಳೆದುಕೊಂಡು, ಕಡುಬಿಗೆ ಹಿಟ್ಟು ನೆನೆಸಲು ಹೋದಳು.

ಸಂಜೆ ಸಾಹೇಬರು ಬಂದು ಕೋಣೆಯ ಬಾಗಿಲಲ್ಲಿ ನಿಂತರು. ಮೇಜಿನ ಮೇಲೆ ಕಾಗದವಿತ್ತು, ಚೀಟಿಯಿತ್ತು, ಹೂವಿರಲಿಲ್ಲ. ಅವರು ಕೂಗಾಡಲಿಲ್ಲ, ಕುರ್ಚಿ ಹಿಡಿದುಕೊಂಡು ಮೆಲ್ಲಗೆ ಕೂತರು.

“ಹೂವ ಎಲ್ಲಿ ಹೋದ್ವು ತಂಗಿ?”

“ಕೆರೆಗೆ ಬಿಟ್ಟೆ ಸ್ವಾಮಿ. ನೀವೇನೂ ಯೋಚ್ನೆ ಮಾಡ್ಬೇಡಿ, ಶಾಸ್ತ್ರವಾಗೇ ಬಿಟ್ಟಿದೀನಿ,” ಎಂದಳು ದೊಡ್ಡಗಂಗಮ್ಮ, ಹೊಗಳಿಸಿಕೊಳ್ಳಲು ಸಿದ್ಧವಾಗಿ.

ಸಾಹೇಬರು ಒಂದು ಖಾಲಿ ಹಾಳೆಯನ್ನು ಕೈಗೆತ್ತಿಕೊಂಡರು. “ಅವು ಬಾಡಿದ ಹೂವ ಅಲ್ಲವ್ವ. ಒಣಗಿಸಿದ ಹೂವ.”

“ಬಾಡೋದಕ್ಕೂ ಒಣಗೋದಕ್ಕೂ ಏನ್ ಸ್ವಾಮಿ ವ್ಯತ್ಯಾಸ? ಎರಡೂ ಸತ್ತಿದ್ದೇ ತಾನೇ?”

“ಬಾಡಿದ್ದು ಮರತು ಹೋಗತೈತಿ. ಒಣಗಿಸಿದ್ದು ನೆನಪಿಗೆ ಇಟ್ಕೊಂಡಿದ್ದು,” ಎಂದರು ಅವರು. ಆಮೇಲೆ ಎದ್ದು ಹೋಗಿ ಕೆರೆ ಏರಿಯ ಮೇಲೆ ಕತ್ತಲಾಗುವ ತನಕ ನಿಂತರು. ನೀರಿನ ಮೇಲೆ ಒಂದಿಷ್ಟು ಕುಂಕುಮ ತೇಲುತ್ತಿತ್ತು.

ಹಿಂಗಾರಿಗೆ ಹೂ ಬಿಟ್ಟರೆ ಬಳ್ಳಾರಿಯದೇ ಹೌದೋ ಎಂದು ನೋಡಲು ಬೆಟ್ಟದಿಂದ ಅಗೆದು ತಂದಿದ್ದ ಗೆಡ್ಡೆಗಳೂ ಕೆರೆಯ ಪಾಲಾದವೆಂದೇ ಅವರು ತಿಳಿದರು. ದೊಡ್ಡಗಂಗಮ್ಮ ತಿದ್ದಲಿಲ್ಲ, ಅವರು ಕೇಳಿದ್ದು ಹೂವನ್ನು, ಆಕೆ ಹೇಳಿದ್ದು ಹೂವಿನ ಮಾತನ್ನು, ಈರುಳ್ಳಿಯನ್ನು ಆಕೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೇರೆ ಗೆಡ್ಡೆ ಅಗೆದು ತರೋಣವೆಂದರೆ ಬೆಟ್ಟದ ಮೇಲೆ ಎಲೆಗಳೆಲ್ಲ ಸತ್ತು ಹೋಗಿದ್ದವು. ಎಲೆಯಿಲ್ಲದೆ ನೆಲದೊಳಗಿನ ಗೆಡ್ಡೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಸುದ್ದಿ ಅಮಲ್ದಾರರಿಗೆ ಮುಟ್ಟಿತು. ಬೆಂಗಳೂರಿನಿಂದ ಶಿಫಾರಸು ಹೊತ್ತು ಬಂದ ಅತಿಥಿ. ಅವರ ಸ್ವತ್ತನ್ನು ಮೇಟಿಯ ಹೆಂಡತಿ ಕೆರೆಗೆ ಹಾಕುವುದೆಂದರೇನು? ಅಮಲ್ದಾರರು ಬಂಗಲೆಗೆ ಬಂದು, ಮುನಿರಾಮಪ್ಪನನ್ನು ನಿಲ್ಲಿಸಿಕೊಂಡು ಚೆನ್ನಾಗಿ ಝಾಡಿಸಿದರು.

“ದಸರಾ ಮುಗೀಲಿ. ಮಾರನೇ ದಿನವೇ ಮನೆ ಖಾಲಿ ಮಾಡು. ಬೇರೆ ಮೇಟಿ ಬರ್ತಾನೆ.”

ಬೇ ಅವರು ಪಾಪ, ಬೇಡ ಎಂದರು. ಅತಿಥಿಗಳ ಔದಾರ್ಯ ಬೇರೆ, ಸರ್ಕಾರದ ಶಿಸ್ತು ಬೇರೆ ಎಂದರು ಅಮಲ್ದಾರರು. ಆ ರಾತ್ರಿ ದೊಡ್ಡಗಂಗಮ್ಮ ಒಲೆಯ ಮುಂದೆ ಕೂತು ಸದ್ದಿಲ್ಲದೆ ಅತ್ತಳು. ಒಲೆ ಹೋಗುವುದು ಒಂದು ದುಃಖ. ಆದರೆ ಒಳ್ಳೆಯದು ಮಾಡಲು ಹೋಗಿ ಒಬ್ಬ ಪರದೇಶಿ ಮನುಷ್ಯನ ಇಪ್ಪತ್ತು ವರ್ಷದ ಆಸೆ ಮುಳುಗಿಸಿದೆನಲ್ಲ ಎಂಬುದು ಅದಕ್ಕಿಂತ ದೊಡ್ಡ ದುಃಖವಾಗಿತ್ತು.

ಅತ್ತು ಸುಮ್ಮನಾಗುವ ಹೆಂಗಸಲ್ಲ ಅವಳು. ಮರುದಿನವೇ ಬೀದಿ ಬೀದಿ ತಿರುಗಿ, ಸಾಹೇಬರ ಹೂವೆಲ್ಲ ಹೋಯಿತು, ನಿಮ್ಮ ನಿಮ್ಮ ಕೈಲಾದಷ್ಟು ತಂದುಕೊಡಿ ಎಂದು ಬೇಡಿಕೊಂಡಳು. ಮುಳಬಾಗಿಲಿನ ಹೆಂಗಸರು ಕೊಡುವುದರಲ್ಲಿ ಹಿಂದೆ ಬೀಳುವವರಲ್ಲ. ಸಂಜೆಗೆ ವರಾಂಡ ತುಂಬಿಹೋಯಿತು: ಚೆಂಡುಹೂವಿನ ಹಾರ, ಕನಕಾಂಬರದ ದಂಡೆ, ಮಲ್ಲಿಗೆಯ ಮೊಳ, ಸೇವಂತಿಗೆಯ ಚೆಂಡು. ಬಿಡಿ ಹೂವು ಕೊಡುವುದು ಅವಮರ್ಯಾದೆ ಎಂದು ಒಬ್ಬೊಬ್ಬರೂ ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಿಯೇ ತಂದಿದ್ದರು. ಕಾಂಡ, ಎಲೆ, ಬೇರು ಯಾವುದೂ ಇಲ್ಲ, ಬರೀ ತಲೆಗಳು. ಬೇ ಅವರು ಪ್ರತಿಯೊಬ್ಬಳಿಗೂ ಹ್ಯಾಟು ತೆಗೆದು ವಂದಿಸಿದರು. ಎಲ್ಲಿ ಇಡುವುದೆಂದು ತೋಚದೆ ಒಂದೊಂದಾಗಿ ಕೊರಳಿಗೆ ಹಾಕಿಕೊಂಡು, ಕೊನೆಗೆ ಮೂಗಿನವರೆಗೂ ಹೂವಿನಲ್ಲಿ ಮುಳುಗಿ ಕೂತರು. ಅವತ್ತು ಅವರು ಮೊದಲ ಸಲ ನಕ್ಕಿದ್ದನ್ನು ದೊಡ್ಡಗಂಗಮ್ಮ ನೋಡಿದಳು. ನೋಡಿ ಇನ್ನಷ್ಟು ಸಂಕಟಪಟ್ಟಳು.

ದಸರಾ ಬಂತು. ಆಯುಧಪೂಜೆಯ ಹಿಂದಿನ ಸಂಜೆ ಸಾಹೇಬರು ಖಾಲಿ ಹಲಗೆಗಳನ್ನು ಕಟ್ಟಿಕೊಂಡು ಕೋಲಾರಕ್ಕೆ ಬಸ್ಸು ಹತ್ತಿದರು. ರಾತ್ರಿ ಅಲ್ಲಿ ತಂಗಿ, ಮಾರನೇ ಮಧ್ಯಾಹ್ನದ ಸಣ್ಣ ರೈಲು ಹಿಡಿದು, ಅಲ್ಲಿಂದ ದೊಡ್ಡ ರೈಲು, ಹಡಗು. ಹೋಗುವಾಗ, “ನಿನ್ನ ತುಪ್ಪದ ಋಣ ಐತಿ ತಂಗಿ,” ಎಂದರು. ಆ ರಾತ್ರಿ ಜೋರು ಮಳೆ ಹೊಡೆಯಿತು.

ಬೆಳಗಿನ ಜಾವ ಆಕೆ ಬುಟ್ಟಿ ಹಿಡಿದು ಹಿತ್ತಲಿಗೆ ಹೋದಳು. ಮನೆ ಖಾಲಿ ಮಾಡುವುದಾದರೂ ಹಬ್ಬದ ಹೂವು ಬಿಡಲಾದೀತೇ? ನಾಗರಕಲ್ಲಿನ ಬುಡದಲ್ಲಿ ಬೋಳು ಕಡ್ಡಿಗಳು ಎದ್ದು ನಿಂತಿದ್ದವು. ಒಂದರ ತಲೆಯನ್ನು ಆಗಲೇ ಯಾರದೋ ಮೇಕೆ ತಿಂದಿತ್ತು, ಇನ್ನೊಂದು ಮಳೆಗೆ ಮುರಿದು ಬಿದ್ದಿತ್ತು. ಮೂರನೆಯದು ನೆಟ್ಟಗಿತ್ತು. ಎಲೆಯಿಲ್ಲ. ತುದಿಯಲ್ಲಿ ಬಿಳಿ ಮೊಗ್ಗು, ಒಂದೊಂದರ ಬೆನ್ನಿಗೂ ಕಂದು ಗೆರೆ.

ಅಭ್ಯಾಸ ಬಲದಿಂದ ಆಕೆಯ ಕೈ ಮುಂದೆ ಹೋಯಿತು. ಉಗುರು ಕಡ್ಡಿಗೆ ತಾಕಿಯೂ ಆಗಿತ್ತು. ಬಾಗಿಲ ಮರೆಯಲ್ಲಿ ಕೇಳಿದ ಮಾತು ಆಗ ನೆನಪಾಗಿ, ಬೆಂಕಿ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು.

“ಏನ್ರೀ! ಏಳ್ರೀ ಮೇಲೆ! ಈರುಳ್ಳಿ ಹೂ ಬಿಟ್ಟಿದೆ! ಓಡ್ರೀ ಕೋಲಾರಕ್ಕೆ!”

ಮುನಿರಾಮಪ್ಪ ಪಂಚೆ ಕಟ್ಟಿಕೊಳ್ಳುತ್ತಾ ಬಸ್ಸಿನ ಹತ್ತಿರ ಓಡಿದ. ಬಸ್ಸು ಅಲುಗುವಂತಿರಲಿಲ್ಲ. ಅವತ್ತು ಆಯುಧಪೂಜೆ, ಡ್ರೈವರ್ ಚನ್ನರಾಯಪ್ಪ ಬಸ್ಸು ತೊಳೆದು, ಬಾಳೆಕಂಬ ಕಟ್ಟಿ, ಹೂವಿಗಾಗಿ ಕಾಯುತ್ತಿದ್ದ. ಹೂವೇರದ ಬಸ್ಸನ್ನು ಆ ದಿನ ಹೊರಡಿಸಿದರೆ ಹೊಸಕೆರೆಯ ತಿರುವಿನಲ್ಲಿ ಉರುಳುತ್ತದೆ ಎಂದು ಅವನ ನಂಬಿಕೆ. ಮುನಿರಾಮಪ್ಪ ವಾಪಸ್ಸು ಓಡಿಬಂದ. ದೊಡ್ಡಗಂಗಮ್ಮ ಹಿಂದೆ ಮುಂದೆ ನೋಡದೆ ತನ್ನ ಮಡಿಯ ಚೆಂಡುಹೂವನ್ನೆಲ್ಲ ತರಿದು, ದೇವರಿಗೆಂದು ಕಟ್ಟಿಟ್ಟಿದ್ದ ಹಾರವನ್ನೂ ಸೇರಿಸಿ ಅವನ ತಲೆ ಮೇಲೆ ಹೊರಿಸಿದಳು. ಜನ್ಮದಲ್ಲಿ ಮೊದಲ ಸಲ ಆಕೆಯ ದೇವರ ಗೂಡು ಹಬ್ಬದ ದಿನ ಬರಿದಾಗಿತ್ತು.

ಇನ್ನು ಕಾವಲಿನ ಕೆಲಸ. ಸಂಜೆ ಅರಳುವ ಹೂವು ಅದು. ಅಲ್ಲಿಯವರೆಗೆ ಹಬ್ಬದ ದಿನ, ನಾಗರಕಟ್ಟೆಯ ಬುಡದಲ್ಲಿ, ಮುಳಬಾಗಿಲಿನ ಭಕ್ತೆಯರ ಕೈಯಿಂದ ಅದನ್ನು ಉಳಿಸಬೇಕು. ಅವರು ಎಂಥವರೆಂದು ಆಕೆಗೆ ಗೊತ್ತಿತ್ತು, ಅವರಲ್ಲಿ ಮೊದಲನೆಯವಳು ತಾನೇ. ಆಕೆ ಕಡ್ಡಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕುಕ್ಕರಿಸಿದಳು.

ಶ್ಯಾಮಲಮ್ಮ ಬಂದಳು. ಬುಟ್ಟಿ ಅರ್ಧ ತುಂಬಿತ್ತು, ಕಣ್ಣು ಆಗಲೇ ಹುಡುಕುತ್ತಿತ್ತು.

“ಏನೇ ಗಂಗಮ್ಮ, ಹಬ್ಬದ ದಿನ ಹಿಂಗೆ ಕೂತಿದೀಯ? ಹಿಂದೆ ಏನದು ಬಿಳೀದು?”

“ಏನಿಲ್ಲ. ಹೋಗು ತಾಯಿ.”

“ಪಕ್ಕಕ್ಕೆ ಸರಿಯೇ ಸ್ವಲ್ಪ.”

ದೊಡ್ಡಗಂಗಮ್ಮನಿಗೆ ತಕ್ಷಣ ಹೊಳೆದದ್ದು ಒಂದೇ ಸುಳ್ಳು. “ಹತ್ರ ಬರ್ಬೇಡ! ನಾಗಪ್ಪ ಇದಾನೆ! ಈಗ ತಾನೇ ಹೆಡೆ ಎತ್ತಿದ್ದ!”

ಎಂಥ ಸುಳ್ಳು ಹೇಳಿಬಿಟ್ಟಳು! ಹಾವೆಂದರೆ ಓಡಿಹೋಗುತ್ತಾರೆಂದು ಆಕೆಯ ಎಣಿಕೆ. ಹಬ್ಬದ ದಿನ ನಾಗರಕಟ್ಟೆಯಲ್ಲಿ ಸಾಕ್ಷಾತ್ ನಾಗಪ್ಪ ಹೆಡೆ ಎತ್ತಿದ್ದಾನೆಂದರೆ ಯಾರು ಮನೆಯಲ್ಲಿ ಇರುತ್ತಾರೆ? ಶ್ಯಾಮಲಮ್ಮ ಓಡಿದ್ದು ನಿಜ, ಹಾಲು ತರುವುದಕ್ಕೆ. ಸ್ವಲ್ಪ ಹೊತ್ತಿಗೆ ಊರಿಗೆ ಊರೇ ಚೊಂಬು ಹಿಡಿದು ಬಂದಿತು. “ಎಲ್ಲೇ, ಎಲ್ಲೇ ಸಾಮಿ?” ಎಂದು ನೂಕಾಡಿದರು. ಹಾಲು ಕಲ್ಲಿನ ಮೇಲಿಂದ ಇಳಿದು ಕಡ್ಡಿಯ ಬುಡಕ್ಕೆ ಹರಿಯಿತು. ದೊಡ್ಡಗಂಗಮ್ಮ ಎರಡು ಕೈಯಲ್ಲೂ ಮಣ್ಣಿನ ಕಟ್ಟೆ ಕಟ್ಟುತ್ತಾ, “ಸಾಕು ಹಾಕಬೇಡ್ರೇ, ಸಾ‍ಮಿಗೆ ಹೊಟ್ಟೆ ತುಂಬಿತು!” ಎಂದು ಅರಚುತ್ತಿದ್ದಳು. ಅಷ್ಟರಲ್ಲಿ ಶ್ಯಾಮಲಮ್ಮನ ಕಣ್ಣಿಗೆ ಕಡ್ಡಿ ಬಿದ್ದೇ ಬಿಟ್ಟಿತು.

“ಅಯ್ಯೋ, ನಾಗಪ್ಪನ ಬುಡದಲ್ಲೇ ಹೂ ಬಂದಿದೆ! ಇದನ್ನ ದೇವರಿಗೆ ಏರಿಸದೆ ಇನ್ಯಾವುದನ್ನ ಏರಿಸ್ಬೇಕೇ?” ಎಂದು ಕೈ ಚಾಚಿದಳು. ಅವಳ ಹಿಂದೆ ಇನ್ನಷ್ಟು ಕೈಗಳು ಬಂದವು.

ದೊಡ್ಡಗಂಗಮ್ಮ ಕಡ್ಡಿಯನ್ನು ತಬ್ಬಿಕೊಂಡಂತೆ ಕೂತು ಕೂಗಿದಳು. “ಮುಟ್ಟಬೇಡಿ! ಅದು ನಿರ್ಮಾಲ್ಯ!”

ಕೈಗಳು ನಿಂತವು.

“ಬೇರಲ್ಲಿ ನಿಂತಿರೋ ಹೂವು ನಿರ್ಮಾಲ್ಯ ಹೆಂಗಾಗುತ್ತೆ?” ಎಂದಳು ಶ್ಯಾಮಲಮ್ಮ.

“ಆಗುತ್ತೆ. ಸಾಹೇಬರು ಪೂಜೆ ಮಾಡಿಟ್ಟಿದ್ದ ಗೆಡ್ಡೆ ಇದು. ನಾನೇ ನಿರ್ಮಾಲ್ಯ ಅಂತ ತಂದು ಇಲ್ಲಿ ಸುರಿದೆ. ಬೇಕಾದ್ರೆ ಮುನಿಯಲ್ಲಮ್ಮನ್ನ ಕೇಳು. ಒಂದ್ಸಲ ಏರಿಸಿದ್ದನ್ನ ಇನ್ನೊಂದ್ಸಲ ಏರಿಸ್ತೀಯಾ? ನಿಮ್ಮನೇಲಿ ಹಂಗೆ ಮಾಡ್ತೀರಾ?”

ಮುನಿಯಲ್ಲಮ್ಮ ಗಲ್ಲಕ್ಕೆ ಕೈಹಚ್ಚಿ, “ಹೌದು ಕಣ್ರಮ್ಮ, ನನ್ನ ಕಣ್ಣಾರೆ ನೋಡಿದೀನಿ,” ಎಂದಳು. ಆ ಶಾಸ್ತ್ರಕ್ಕೆ ಎದುರು ಹೇಳುವ ಹೆಂಗಸು ಊರಿನಲ್ಲಿ ಇರಲಿಲ್ಲ. ಚಾಚಿದ್ದ ಕೈಗಳು ಸೆರಗಿನೊಳಗೆ ಸೇರಿದವು. ಶ್ಯಾಮಲಮ್ಮ ಮಾತ್ರ ನಂಬಿಯೂ ನಂಬದೆ, ಮುಂದೇನಾಗುತ್ತದೋ ನೋಡಿಯೇ ಹೋಗೋಣವೆಂದು ಅಲ್ಲೇ ಕೂತಳು. ಅವಳು ಕೂತಳೆಂದು ಉಳಿದವರೂ ಕೂತರು.

ಬಿಸಿಲು ಇಳಿಯುವ ಹೊತ್ತಿಗೆ ಬಸ್ಸಿನ ಹಾರನ್ನು ಕೇಳಿಸಿತು. ಮೂತಿಗೆ ಬೂದುಗುಂಬಳ, ಮೈತುಂಬ ಚೆಂಡುಹೂವು, ಎರಡು ಕಡೆ ಬಾಳೆಕಂಬ. ಮದುಮಗನ ಹಾಗೆ ಬಂದು ನಿಂತ ಬಸ್ಸಿನಿಂದ ಬೇ ಅವರು ಇಳಿದರು. ರೈಲಿನೊಳಗೆ ಕೂತಿದ್ದವರನ್ನು ಮುನಿರಾಮಪ್ಪ ಕೈಹಿಡಿದು ಎಳೆದು ತಂದಿದ್ದ. ಅವರ ಹ್ಯಾಟಿಗೂ ಚನ್ನರಾಯಪ್ಪ ಕುಂಕುಮ ಹಚ್ಚಿದ್ದ. ಸಾಹೇಬರು ಓಡುತ್ತಲೇ ಬಂದು, ಹಾಲಿನ ಕೆಸರಿನಲ್ಲಿ ಮಂಡಿಯೂರಿ ಕೂತರು.

ಆಗಲೇ ಅದು ಅರಳಲು ಶುರುವಾಯಿತು. ಒಂದು ಮೊಗ್ಗು ಬಾಯಿಬಿಟ್ಟಿತು, ಆಮೇಲೆ ಇನ್ನೊಂದು. ಅಷ್ಟು ಹೆಂಗಸರಿದ್ದರೂ ಒಂದು ಬಳೆ ಸದ್ದಾಗಲಿಲ್ಲ. ದಿನಾ ಬುಟ್ಟಿಗಟ್ಟಲೆ ಹೂವು ಕಿತ್ತವಳು ದೊಡ್ಡಗಂಗಮ್ಮ. ಒಂದು ಹೂವು ಅರಳುವುದನ್ನು ಕೂತು ನೋಡಿದ್ದು ಅದೇ ಮೊದಲು. ಆಕೆಗೆ ಸುಮ್ಮಸುಮ್ಮನೆ ಅಳು ಬಂತು. ಸಾಹೇಬರು ಆಗಲೇ ಅಳುತ್ತಿದ್ದರು.

“ನನ್ನ ಗುರುಗಳು ಇವತ್ತು ಇರಬೇಕಿತ್ತು,” ಎಂದರು ಅವರು. ಬಹಳ ಹೊತ್ತಿನ ಮೇಲೆ ಗೆಡ್ಡೆ ಸಮೇತ ಅದನ್ನು ಅಗೆದು, ಚೀಟಿ ತೆಗೆದರು. “ಕಿತ್ತವರ ಹೆಸರು ಬರೀಬೇಕು. ನಿಂದ ಬರೀತೀನಿ ತಂಗಿ.”

“ನಾನೆಲ್ಲಿ ಕಿತ್ತೆ ಸ್ವಾಮಿ?” ಎಂದಳು ದೊಡ್ಡಗಂಗಮ್ಮ ಮೂಗು ಒರೆಸಿಕೊಳ್ಳುತ್ತಾ. “ಈ ಊರಲ್ಲಿ ಕೀಳದೇ ಬಿಟ್ಟೋಳು ನಾನೊಬ್ಳೇ. ಹಂಗೇ ಬರ್ಕೊಳ್ಳಿ.”

ಅವರು ನಕ್ಕು, ಹಾಗೆಯೇ ಬರೆದುಕೊಂಡರು. ಹಬ್ಬದ ಗಲಾಟೆ ಕೇಳಿ ಬಂದಿದ್ದ ಅಮಲ್ದಾರರ ಹತ್ತಿರ ಹೋಗಿ, ಈ ಹೂವನ್ನು ತಾವು ದೇಶ ದೇಶಕ್ಕೆ ತೋರಿಸುವುದಾಗಿಯೂ, ಎಲ್ಲಿ ಸಿಕ್ಕಿತೆಂದು ಕೇಳಿದವರಿಗೆ ಮುಳಬಾಗಿಲಿನ ಬಂಗಲೆಯ ಮೇಟಿಯ ಹಿತ್ತಲೆಂದು ಹೇಳುವುದಾಗಿಯೂ, ಆಗ ಆ ಮೇಟಿ ಅಲ್ಲಿ ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲವೆಂದೂ ಹೇಳಿದರು. ಅಮಲ್ದಾರರು ಮುನಿರಾಮಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಖಾಯಂ ಮಾಡೋಣ ಅಂತಾನೇ ಇದ್ದೆ,” ಎಂದರು.

ಹೊರಡುವ ಮುಂಚೆ ಬೇ ಅವರು ಕಡ್ಡಿಯಿಂದ ಒಂದು ಹೂವನ್ನು ಬಿಡಿಸಿ ದೊಡ್ಡಗಂಗಮ್ಮನ ಕೈಗಿಟ್ಟರು. “ನಿನ್ನ ದೇವರಿಗೆ ತಂಗಿ. ಇವತ್ತು ನಿನ್ನ ಪೂಜಿಗೆ ಹೂವ ಇಲ್ಲಂತಲ್ಲ.”

ದೊಡ್ಡಗಂಗಮ್ಮ ಹೂವನ್ನು ನೋಡಿದಳು. ಶ್ಯಾಮಲಮ್ಮ ದೊಡ್ಡಗಂಗಮ್ಮನನ್ನು ನೋಡಿದಳು. ಊರಿನ ಹೆಂಗಸರೆಲ್ಲ ಕತ್ತು ಚಾಚಿದರು. ನಿರ್ಮಾಲ್ಯವನ್ನು ಏರಿಸುವಂತಿಲ್ಲ, ತೀರ್ಪು ಕೊಟ್ಟವಳು ತಾನೇ. ಆಕೆ ಹೂವನ್ನು ಕಣ್ಣಿಗೊತ್ತಿಕೊಂಡು, ಪ್ರಸಾದವೆಂಬಂತೆ ತುರುಬಿಗೆ ಸಿಕ್ಕಿಸಿ, ಶ್ಯಾಮಲಮ್ಮನ ಮುಂದೆಯೇ ಗತ್ತಿನಿಂದ ಒಳಕ್ಕೆ ನಡೆದಳು.

ಬೆಳಿಗ್ಗೆ ಹೊತ್ತಿಗೆ ಅದು ಮೆತ್ತಗಾಗಿತ್ತು. ಎಂದಿನಂತೆ ತೆಗೆದುಕೊಂಡು ನಾಗರಕಟ್ಟೆಯವರೆಗೂ ಹೋದಳು, ಕೈ ಎತ್ತಿದಳು, ಹಾಗೇ ಹಿಂದಕ್ಕೆ ಬಂದಳು. ಸಾಹೇಬರು ಬಿಟ್ಟುಹೋಗಿದ್ದ ಒಂದು ಹಾಳೆಯನ್ನು ಮಡಿಸಿ, ನಡುವೆ ಹೂವು ಮಲಗಿಸಿ, ಮೇಲೆ ಬೀಸುವ ಕಲ್ಲನ್ನು ಎಳೆದಿಟ್ಟಳು.

ಮುನಿರಾಮಪ್ಪ ಹಲ್ಲುಜ್ಜುತ್ತಾ ನೋಡುತ್ತಿದ್ದವನು ಸುಮ್ಮನಿರಲಿಲ್ಲ. “ಏನೇ ಇದು? ಬಾಡಿದ ಹೂವು ಮನೇಲಿಟ್ಕೊಂಡ್ರೆ ಗೌರಿ ಬರಲ್ಲ ಅಂತಿದ್ದೋಳು ನೀನೇ ತಾನೇ?”

“ನಿಮಗೇನ್ ಗೊತ್ತು, ಸುಮ್ನಿರಿ,” ಎಂದಳು ದೊಡ್ಡಗಂಗಮ್ಮ, ತನ್ನ ಒಲೆಗೆ ಕೊಳವೆ ಊದುತ್ತಾ. “ಅದು ಬಾಡಿದ್ದಲ್ಲ ಕಣ್ರೀ. ಒಣಗಿಸಿದ್ದು.”